ಅಪ್ಪ ಅಮ್ಮನನ್ನು ಕರೆದುಕೊಂಡು ಗುಜರಿ ಸುತ್ತುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ‘ಆಂಟಿಕ್ ಶಾಪ್’ ಅನ್ನುವ ಬೋರ್ಡು ಹುಡುಕಿಕೊಂಡು ಹೊರಟರೆ ಕಾಲು ನೋವಷ್ಟೇ ಲಾಭ. ನಮ್ಮೂರಲ್ಲಿ ಹಳೇ ಸಾಮಾನಿಗೆ ಅಂಥ ಮರ್ಯಾದೆ ಇಲ್ಲ. ಅದು ಗುಜರಿ ಅಷ್ಟೇ. ನಮಗೆ ಅದೇ ಒಳ್ಳೆಯದು. ಮರ್ಯಾದೆ ಬಂದ ದಿನ ರೇಟೂ ಬರುತ್ತದೆ.

ಮೂರು ವರ್ಷದಿಂದ ತಿಂಗಳಿಗೊಂದು ಶನಿವಾರ ಬೆಂಗಳೂರಿಂದ 70 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು, ಅಪ್ಪ ಅಮ್ಮನನ್ನು ಹತ್ತಿಸಿಕೊಂಡು ಸುತ್ತುತ್ತಿದ್ದೇನೆ. ಅದಕ್ಕೂ ಮುಂಚೆ ಒಬ್ಬಳೇ ಸುತ್ತುತ್ತಿದ್ದೆ. ಚೆನ್ನಾಗಿ ಟೋಪಿ ಹಾಕಿಸಿಕೊಂಡೆ. ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ‘ಬ್ರಿಟಿಷರ ಕಾಲದ್ದು ಮೇಡಂ’ ಅಂತ ಒಂದು ಹಿತ್ತಾಳೆ ಟೆಲಿಸ್ಕೋಪು ಕೊಟ್ಟರು. ಮೇಲೆ 1915 ಅಂತ ಕೆತ್ತಿತ್ತು. 4,500 ರೂಪಾಯಿ ಎಣಿಸಿ ಕೊಟ್ಟೆ. ಮನೆಗೆ ತಂದು ಜಂಬದಿಂದ ತೋರಿಸಿದೆ. ಅಪ್ಪ ಕನ್ನಡಕ ಹಣೆಗೆ ಏರಿಸಿ ಹತ್ತು ಸೆಕೆಂಡ್ ನೋಡಿದರು. ‘ಇದರ ಸ್ಕ್ರೂ ತಲೆ ಮೇಲೆ ಪ್ಲಸ್ ಗುರುತು ಇದೆಯಲ್ಲಮ್ಮಾ’ ಅಂದರು. ಪ್ಲಸ್ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. 1915ರ ಸಾಮಾನಿನಲ್ಲಿ ಅದು ಎಲ್ಲಿಂದ ಬರಬೇಕು?

ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ಡ್ರೈವರ್ ನಾನು, ಪರ್ಸೂ ನನ್ನದು, ಕೈ ಮಾತ್ರ ಅವರದ್ದು.

ಅಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಕಾರ್ಖಾನೆ ಶುರುವಾಗಿದ್ದು 1978ರಲ್ಲಿ, ಅವರು ಸೇರಿದ್ದು ಮಾರನೇ ವರ್ಷ. ಅಮ್ಮ ಗುಬ್ಬಿ ಕಡೆಯ ಒಂದು ಹಳ್ಳಿಯ ಹದಿನಾಲ್ಕು ಜನರ ಮನೆಗೆ ಸೊಸೆಯಾಗಿ ಬಂದು ಹಿತ್ತಾಳೆ, ತಾಮ್ರ, ಕಂಚು ಎಲ್ಲವನ್ನೂ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದವರು. ನಾವು ‘ವಿಂಟೇಜ್’ ಅಂತ ಗೋಡೆಗೆ ನೇತು ಹಾಕುವುದನ್ನು ಇವರು ದಿನಾ ಬಳಸಿ ಬೇಜಾರು ಮಾಡಿಕೊಂಡಿದ್ದಾರೆ. ನಿಮ್ಮ ಅಪ್ಪ ಅಮ್ಮ ಕಾರ್ಖಾನೆಯಲ್ಲಿ ಇರಲೇಬೇಕು ಅಂತೇನಿಲ್ಲ. ಹೊಲ ಉತ್ತಿದ್ದರೆ ನೇಗಿಲು, ನೊಗ ಗೊತ್ತಿರುತ್ತದೆ. ಅಂಗಡಿ ಇಟ್ಟಿದ್ದರೆ ತಕ್ಕಡಿ, ಸೇರು ಗೊತ್ತಿರುತ್ತದೆ. ಅವರಿಗೆ ಏನು ಗೊತ್ತು ಅಂತ ಮೊದಲು ಮನೆಯಲ್ಲೇ ಕೂತು ಕೇಳಿಕೊಳ್ಳಿ. ಏನು ಹುಡುಕಬೇಕು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಹೊರಡುವುದು ಬೆಳಿಗ್ಗೆ. ಮಧ್ಯಾಹ್ನ ಊಟ ಮಾಡಿ ಹೋಗೋಣ ಅಂದರೆ ಊಟ ಆದಮೇಲೆ ಅಪ್ಪನಿಗೆ ನಿದ್ದೆ, ಅಮ್ಮನಿಗೆ ಮಂಡಿ ನೋವು. ನಾವು ಎಂಟೂವರೆಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮಂಡಿಪೇಟೆ ಸೇರುತ್ತೇವೆ. ಇಡ್ಲಿ ತಿನ್ನುವಾಗಲೇ ಬಜೆಟ್ ಮಾತಾಡಿ ಮುಗಿಸಿ. ಅಂಗಡಿಯೊಳಗೆ ಮಾತಾಡಬೇಡಿ.

ಜೊತೆಗೆ ಒಯ್ಯಬೇಕಾದ್ದು ಜಾಸ್ತಿ ಏನಿಲ್ಲ. ಒಂದು ಟಾರ್ಚು, ಯಾಕೆಂದರೆ ಒಳ್ಳೇ ಸಾಮಾನು ಯಾವಾಗಲೂ ಕತ್ತಲಲ್ಲೇ ಇರುತ್ತದೆ. ಹಳೇ ಸ್ಪೀಕರ್‌ನಿಂದ ಕಿತ್ತ ಒಂದು ಅಯಸ್ಕಾಂತ. ಒಡವೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ. ಡಿಕ್ಕಿಯಲ್ಲಿ ಹಳೇ ಬೆಡ್‌ಶೀಟು. ಬಿಪಿ ಮಾತ್ರೆ, ನೀರು, ಎರಡು ಮಾಸ್ಕು, ಚಿಲ್ಲರೆ ನೋಟು. ಇದೆಲ್ಲಕ್ಕಿಂತ ಮುಖ್ಯ ಒಂದು ಮಡಚುವ ಸ್ಟೂಲು. ಅಮ್ಮನಿಗೆ ಕೂರಲು ಜಾಗ ಸಿಕ್ಕಿದರೆ ಅವರು ಒಂದೇ ರಾಶಿಯಲ್ಲಿ ಮುಕ್ಕಾಲು ಗಂಟೆ ಹುಡುಕುತ್ತಾರೆ. ಸಿಗದಿದ್ದರೆ ಹತ್ತೇ ನಿಮಿಷಕ್ಕೆ ‘ಏನೂ ಇಲ್ಲ ನಡೀ’.

ಸಾಮಾನು ಸಿಗುವುದು ಮೂರು ಕಡೆ. ಹಳೇ ಪಾತ್ರೆ ತೂಕಕ್ಕೆ ಹಾಕಿಕೊಂಡು ಹೊಸದು ಕೊಡುವ ಪಾತ್ರೆ ಅಂಗಡಿಗಳ ಹಿಂದಿನ ಕೋಣೆ. ಗುಜರಿ ಶೆಡ್ಡುಗಳು. ಹಳೇ ಮನೆ ಕೆಡವಿದ ಬಾಗಿಲು, ಕಂಬ, ತೊಲೆ ಮಾರುವ ಜಾಗ. ನನಗೆ ಮೊದಲನೆಯದು ಇಷ್ಟ. ಅಲ್ಲಿಗೆ ಹೋಗಿ ‘ಆಂಟಿಕ್ ಇದೆಯಾ?’ ಅಂತ ಮಾತ್ರ ಕೇಳಬೇಡಿ. ಆ ಒಂದು ಪದಕ್ಕೆ ರೇಟು ಎರಡರಷ್ಟಾಗುತ್ತದೆ. ಅಮ್ಮ ಕೇಳುವುದು ಹೀಗೆ: ‘ಕರಗಿಸೋಕೆ ಕಳಿಸೋ ಹಳೇ ಪಾತ್ರೆ ಇದ್ರೆ ಸ್ವಲ್ಪ ನೋಡ್ಬಹುದಾಪ್ಪಾ?’ ಅಷ್ಟೇ. ಹುಡುಗ ಮೂಟೆಯ ಬಾಯಿ ಬಿಚ್ಚುತ್ತಾನೆ.

ಈ ವ್ಯಾಪಾರದಲ್ಲಿ ಪ್ರತಿ ಸಾಮಾನಿಗೂ ಎರಡು ಬೆಲೆ. ಒಂದು ಕೆಜಿ ಬೆಲೆ, ಇನ್ನೊಂದು ಪೀಸ್ ಬೆಲೆ. ಹೋಗುವ ಮುಂಚೆ ಬೇರೆ ಯಾವುದಾದರೂ ಗುಜರಿಗೆ ಫೋನ್ ಮಾಡಿ, ‘ಹಿತ್ತಾಳೆ ಇವತ್ತು ಕೆಜಿಗೆ ಎಷ್ಟಕ್ಕೆ ತಗೋತೀರಿ?’ ಅಂತ, ಮಾರುವವರ ಹಾಗೆ ಕೇಳಿಟ್ಟುಕೊಳ್ಳಿ. ಅದೇ ನಿಮ್ಮ ನೆಲ. ಅದಕ್ಕಿಂತ ಕಮ್ಮಿಗೆ ಯಾರೂ ಕೊಡುವುದಿಲ್ಲ, ಕೇಳುವುದೂ ಸರಿಯಲ್ಲ. ಅದರ ಮೇಲೆ ಎಷ್ಟು ಕೊಡಬಹುದು ಅನ್ನುವುದಷ್ಟೇ ಚೌಕಾಸಿ.

ಇನ್ನು ಲೋಹ. ಬೇಗ ನಂಬಿಬಿಡುವವರನ್ನು ಹಿತ್ತಾಳೆ ಕಿವಿ ಅಂತ ಬೈಯುತ್ತೇವೆ, ಅಲ್ವಾ? ಇಲ್ಲಿ ಬೇಕಾಗಿರುವುದು ಹಿತ್ತಾಳೆಯನ್ನೇ ಗುರುತು ಹಿಡಿಯುವ ಕಿವಿ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ತಟ್ಟೆಯನ್ನು ಐದು ಬೆರಳ ತುದಿ ಮೇಲೆ ಕೂರಿಸಿಕೊಂಡು, ಅಂಚಿಗೆ ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಒಮ್ಮೆ ಬಡಿಯಿರಿ. ಕಂಚಾದರೆ ದೇವಸ್ಥಾನದ ಗಂಟೆಯ ಹಾಗೆ ಸದ್ದು ಎಳೆದುಕೊಂಡು ಹೋಗುತ್ತದೆ. ಹಿತ್ತಾಳೆ ಚಿಕ್ಕದಾಗಿ ‘ಟಣ್’ ಅಂದು ಸುಮ್ಮನಾಗುತ್ತದೆ. ಕಂಚಿನ ಬಣ್ಣ ಇದ್ದೂ ಸದ್ದು ‘ಕರ್’ ಅಂತ ಒಡೆದರೆ ಎಲ್ಲೋ ಬಿರುಕು ಇದೆ ಅಂತ. ಕಂಚು ಗಟ್ಟಿ, ಆದರೆ ಕೈಜಾರಿ ಬಿದ್ದರೆ ಒಡೆಯುತ್ತದೆ. ಆಮೇಲೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣ. ಅಂಟದಿದ್ದರೆ ಅಸಲಿ ಅಂತ ತಕ್ಷಣ ಕುಣಿಯಬೇಡಿ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಅದನ್ನು ಕೈಯೇ ಹೇಳುತ್ತದೆ. ಒಂದೇ ಅಳತೆಯ ಎರಡು ದೀಪ ಎತ್ತಿ ನೋಡಿ. ಹಿತ್ತಾಳೆ ಅಲ್ಯೂಮಿನಿಯಂಗಿಂತ ಸುಮಾರು ಮೂರರಷ್ಟು ಭಾರ.

ವಯಸ್ಸು ನೋಡುವುದು ಸವೆತದಲ್ಲಿ. ಹಿಂದಿನ ಸಲ ಮೂಟೆಯಿಂದ ಒಂದು ಕೊಡ ಬಂತು. ನಾನು ಅದರ ಹೊಟ್ಟೆ ಮೇಲಿನ ಕಪ್ಪು ನೋಡಿ ‘ಹಳೇದು, ಚೆನ್ನಾಗಿದೆ’ ಅಂದೆ. ಅಮ್ಮ ಏನೂ ಹೇಳದೆ ಕೊಡವನ್ನು ಎಡ ಸೊಂಟಕ್ಕೆ ಇಟ್ಟುಕೊಂಡು ಕಂಠದ ಸುತ್ತ ತೋಳು ಬಳಸಿದರು. ಮೂವತ್ತು ವರ್ಷ ಆಗಿರಬೇಕು ಅವರು ಹಾಗೆ ನಿಂತು. ಆಮೇಲೆ ಕೊಡ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರು. ಒಂದು ಕಡೆ ಬಂದಾಗ ನಿಲ್ಲಿಸಿ, ‘ಇಲ್ಲಿ ನೋಡು, ಇಲ್ಲಿ ಕೂರುತ್ತೆ’ ಅಂದರು. ಅಲ್ಲಿ ತಗಡು ಅಂಗೈ ಅಗಲ ಒಳಗೆ ತಗ್ಗಿತ್ತು. ಯಾರೋ ಒಬ್ಬರು ಎಷ್ಟೋ ವರ್ಷ ಒಂದೇ ಸೊಂಟದ ಮೇಲೆ ಒಂದೇ ಮಗ್ಗುಲಿಗೆ ಇಟ್ಟು ನೀರು ಹೊತ್ತಿದ್ದಾರೆ. ಕಂಠದ ಒಳಗೆ, ಕೈ ಬೀಳುವ ಕಡೆ, ನುಣ್ಣಗಾಗಿತ್ತು. ಉಳಿದ ಕಡೆ ಹಾಗಿರಲಿಲ್ಲ. ಅದು ಅಸಲಿ ಸವೆತ. ಮೋಸದ ಸಾಮಾನಿನಲ್ಲಿ ಕಪ್ಪು, ಹಸಿರು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಪೇಂಟ್ ಹೊಡೆದ ಹಾಗೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕೈಗೇ ಬಂದುಬಿಡುತ್ತದೆ. ಬಾಣಲೆ ಆದರೆ ಒಳಗೆ ಸೌಟು ಕೆರೆದ ಜಾಗ ನೋಡಿ. ಚೊಂಬಾದರೆ ತಳದ ಅಂಚು. ತಗಡು ಬೆಸೆದ ಕಡೆ ಹಲ್ಲು ಹಲ್ಲಾಗಿ ಒಂದಕ್ಕೊಂದು ಕಚ್ಚಿಕೊಂಡ ಗೆರೆ ಕಂಡರೆ ಕೈಕೆಲಸದ್ದು ಅಂತ ಅರ್ಥ. ಆ ಕೊಡ 3 ಕೆಜಿ ಚಿಲ್ಲರೆ ತೂಗಿತು. 2,100ಕ್ಕೆ ಬಂತು.

ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸಿದ್ದರೆ ಟಾರ್ಚನ್ನು ಓರೆ ಹಿಡಿದು ಓದಿ. ಮದುವೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರು ಅಂಗಡಿಯಲ್ಲೇ ಉಳಿಯಲ್ಲಿ ಕೊಟ್ಟವರ ಹೆಸರು, ಇಸವಿ ಹೊಡೆಸಿಕೊಂಡು ಬರುತ್ತಿದ್ದರು. ಪಾತ್ರೆಯ ವಯಸ್ಸಿಗೆ ಇದಕ್ಕಿಂತ ಒಳ್ಳೇ ದಾಖಲೆ ಇಲ್ಲ. ನನಗೆ ಇಂಥದ್ದು ಕಂಡರೆ ಪ್ರಾಣ. ಅಮ್ಮನಿಗೆ ಆಗುವುದಿಲ್ಲ. ಒಂದು ಚೊಂಬಿನ ಮೇಲೆ ಎರಡು ಇನಿಷಿಯಲ್, ‘ಮಗಳಿಗೆ’, 1961 ಅಂತಿತ್ತು. ಅಮ್ಮ ಓದಿ ಕೆಳಗಿಟ್ಟುಬಿಟ್ಟರು. ‘ಯಾರ ಮನೆ ಹೆಣ್ಣುಮಗಳದ್ದೋ. ಏನು ಕಷ್ಟ ಬಂದು ಮಾರಿದ್ರೋ. ನಮಗೆ ಬೇಡ.’ ನಾನು ವಾದ ಮಾಡಿದೆ. ಬಿಟ್ಟರೆ ನಾಳೆ ಕರಗಿಸಿಬಿಡುತ್ತಾರೆ ಅಂದೆ. ಹತ್ತು ನಿಮಿಷ ಅಂಗಡಿಯವನ ಮುಂದೆಯೇ ಜಗಳ. ಕೊನೆಗೆ ತಂದೆವು. ಅಂಗಳದ ತುಳಸಿ ಕಟ್ಟೆ ಹತ್ತಿರ ಇದೆ, ಒಳಗೆ ಬಂದಿಲ್ಲ. ಇಂಥ ವಿಷಯದಲ್ಲಿ ನೀವು ಗೆಲ್ಲಲು ಹೋಗಬೇಡಿ. ಹಳೇ ಪೂಜೆ ದೀಪ, ತೊಟ್ಟಿಲು, ಬೇರೆಯವರ ಮನೆಯ ಕಾಲುದೀಪ ಇವಕ್ಕೆಲ್ಲ ಪ್ರತಿ ಮನೆಗೂ ಅದರದೇ ನಿಯಮ ಇರುತ್ತದೆ. ಹೋಗುವ ಮುಂಚೆ ಕೇಳಿಕೊಂಡರೆ ಅಂಗಡಿಯಲ್ಲಿ ಮುಖ ಊದಿಸಿಕೊಳ್ಳುವುದು ತಪ್ಪುತ್ತದೆ.

ಸೇರು, ಪಾವು ಕಂಡರೆ ಅಮ್ಮನ ಕೈಗೆ ಕೊಡಿ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು. ಈಗ ಶೋಕೇಸಿಗೆ ಅಂತಲೇ ಮಾಡಿದ ಹೊಳೆಯುವ ಪಾವುಗಳು ಬಂದಿವೆ. ನೋಡಲು ಚೆಂದ, ಅಳತೆ ಮಾತ್ರ ತಪ್ಪು. ನಮ್ಮಮ್ಮ ಬ್ಯಾಗಿನಲ್ಲಿ ಒಂದು ಪೊಟ್ಟಣ ಅಕ್ಕಿ ಇಟ್ಟುಕೊಂಡು ಬರುತ್ತಾರೆ. ಮನೆಯ ಪಾವಿನಲ್ಲಿ ಅಳೆದು ಕಟ್ಟಿದ ಅಕ್ಕಿ. ಅಂಗಡಿಯ ಪಾವಿಗೆ ಸುರಿದು ಅಂಗೈಯಲ್ಲಿ ಸವರುತ್ತಾರೆ. ಉಳಿದರೂ ಸುಳ್ಳು, ಸಾಲದಿದ್ದರೂ ಸುಳ್ಳು. ಅಳತೆಗೆ ಬಳಸಿದ ಹಳೇ ಪಾವಿನ ಮೇಲೆ ಸರ್ಕಾರದ ಮುದ್ರೆ ಒತ್ತಿರುವುದೂ ಉಂಟು. ಅದನ್ನೂ ಹುಡುಕಿ.

ವಾಚು ಬಂದರೆ ಅಪ್ಪನ ಸರದಿ. ಎಚ್‌ಎಂಟಿ ಆಂಟಿಕ್ ಅಲ್ಲ, ಕಾನೂನಿನ ಪ್ರಕಾರ ನೂರು ವರ್ಷ ಆಗಬೇಕು. ಮೊದಲ ಎಚ್‌ಎಂಟಿ ವಾಚುಗಳು ಬಂದಿದ್ದೇ 1961ರಲ್ಲಿ. ಆದರೂ ಈಗ ಅದಕ್ಕೆ ಹುಚ್ಚು ಬೇಡಿಕೆ. ‘ನನ್ನ ಕೈಯಲ್ಲಿ ಓಡಾಡಿದ್ದನ್ನೇ ಆಂಟಿಕ್ ಅಂತಾರೆ. ಹಂಗಾದ್ರೆ ನನ್ನನ್ನ ಏನಂತಾರೆ?’ ಅಂತ ಅಪ್ಪ ಪ್ರತಿ ಸಲ ಕೇಳುತ್ತಾರೆ. ಪ್ರತಿ ಸಲವೂ ನಾವು ನಗಬೇಕು.

ಅವರು ನೋಡುವ ಕ್ರಮ ಬರೆದುಕೊಂಡಿದ್ದೇನೆ. ಮೊದಲು ಕಿವಿಗೆ ಇಡುವುದಿಲ್ಲ. ಡಯಲ್ ನೋಡುತ್ತಾರೆ. ಕಣ್ಣಿಗೆ ಲೂಪ್, ಅಂದರೆ ವಾಚು ರಿಪೇರಿಯವರ ಭೂತಗನ್ನಡಿ, ಸಿಕ್ಕಿಸಿಕೊಂಡು ಅಕ್ಷರಗಳ ಅಂಚು ನೋಡುತ್ತಾರೆ. ಕಾರ್ಖಾನೆಯ ಅಕ್ಷರ ಕತ್ತರಿಸಿಟ್ಟ ಹಾಗೆ ಇರುತ್ತದೆ. ಆಮೇಲೆ ಬಣ್ಣ ಹೊಡೆದು ಅಚ್ಚು ಹಾಕಿದ್ದಾದರೆ ಅಂಚು ಹರಡಿರುತ್ತದೆ, ನಿಮಿಷದ ಗೆರೆ ಮುಳ್ಳಿಗೆ ಸರಿಯಾಗಿ ಕೂರುವುದಿಲ್ಲ. ಗಿಳಿ ಹಸಿರು, ಕಡು ಕಿತ್ತಳೆ ಡಯಲ್ ಕಂಡರೆ ಮುಟ್ಟುವುದೇ ಇಲ್ಲ. ‘ಪೈಲಟ್’ ಅಂತ ಬರೆದಿದ್ದರೆ ಇನ್ನೂ ಅನುಮಾನ, ಯಾಕೆಂದರೆ ಜನ ಕೇಳುವುದು ಅದನ್ನೇ, ನಕಲಿ ಬರುವುದೂ ಅದರದ್ದೇ. ಆಮೇಲೆ ಕೀ ಕೊಡುತ್ತಾರೆ. ಕಣ್ಣು ಮುಚ್ಚಿಕೊಂಡು, ನಿಧಾನವಾಗಿ. ತಿರುಗುವಾಗ ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಎಣ್ಣೆ ಒಣಗಿದೆ. ತಿರುಗುತ್ತಲೇ ಹೋದರೆ ಸ್ಪ್ರಿಂಗು ಹೋಗಿದೆ. ಕೊನೆಗೆ ವಾಚನ್ನು ಮೇಜಿನ ಮೇಲೆ ಅಂಗಾತ, ಆಮೇಲೆ ಬೋರಲು, ಆಮೇಲೆ ಪಕ್ಕಕ್ಕೆ ಇಟ್ಟು ತಲಾ ಎರಡು ನಿಮಿಷ ಕಾಯುತ್ತಾರೆ. ಒಂದು ಭಂಗಿಯಲ್ಲಿ ಓಡಿ ಇನ್ನೊಂದರಲ್ಲಿ ನಿಂತರೆ ರಿಪೇರಿ ಖರ್ಚು ಬೆಲೆಯಲ್ಲೇ ಕಳೆಯಬೇಕು. ಆಗಷ್ಟೇ ಹಿಂದಿನ ಮುಚ್ಚಳ ತೆಗೆಸಿ, ಒಳಗೆ 17 ಜ್ಯುವೆಲ್ (ಚಕ್ರ ಸವೆಯದ ಹಾಗೆ ಕೂರಿಸುವ ಪುಟ್ಟ ಕಲ್ಲುಗಳು) ಅಂತ ಬರೆದ ಮೆಷಿನ್ ಇದೆಯೋ, ತುಕ್ಕು ಇದೆಯೋ ನೋಡುತ್ತಾರೆ. ಈ ಹೊತ್ತಿಗೆ ಅಂಗಡಿಯವನಿಗೆ ಎದುರಿಗಿರುವವರು ಯಾರು ಅಂತ ಗೊತ್ತಾಗಿ ಬೆಲೆ ತಾನಾಗೇ ಇಳಿದಿರುತ್ತದೆ. ಎಚ್‌ಎಂಟಿಯ ಒಂದು ‘ಜನತಾ’ ವಾಚಿಗೆ 2,800ರಿಂದ ಶುರು ಮಾಡಿದವನು 1,300ಕ್ಕೆ ಕೊಟ್ಟು, ಅಪ್ಪನಿಗೆ ಕಾಫಿ ಬೇರೆ ತರಿಸಿದ.

ಗೋಡೆ ಗಡಿಯಾರದ ಬಗ್ಗೆ ಒಂದೇ ಮಾತು. ಡಯಲ್ ಮೇಲೆ ಎರಡು ಕೀ ತೂತು ಇದ್ದರೆ ಸಾಮಾನ್ಯವಾಗಿ ಒಂದು ಮುಳ್ಳು ಓಡಿಸಲು, ಇನ್ನೊಂದು ಗಂಟೆ ಹೊಡೆಯಲು. ಎರಡಕ್ಕೂ ಕೀ ಕೊಟ್ಟು, ಒಂದು ಸಲವಾದರೂ ಗಂಟೆ ಹೊಡೆಯುವವರೆಗೆ ಅಂಗಡಿ ಬಿಡಬೇಡಿ.

ನಾಣ್ಯದಲ್ಲಿ ಜಾಸ್ತಿ ಮೋಸ, ಹಾಗಾಗಿ ನಾವು ಕಮ್ಮಿ ಮುಟ್ಟುತ್ತೇವೆ. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ ಒಂದು ತೊಲ ತೂಗಬೇಕು, ಅಂದರೆ 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಮ್ಮಿ ಇರಬಹುದು, 9 ಗ್ರಾಂ ಇದ್ದರೆ ಕೆಳಗಿಡಿ. 1947ರ ರೂಪಾಯಿ ನಿಕ್ಕಲ್‌ದು, ಅಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು ಬೆಳ್ಳಿ ಅಂತ ಮಾರಿದರೆ ನಗಬಹುದು. ಈಸ್ಟ್ ಇಂಡಿಯಾ ಕಂಪನಿ, 1818, ಒಂದು ಅಣೆ ಅಂತ ಬರೆದು ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ ದೊಡ್ಡ ನಾಣ್ಯ ತೋರಿಸಿ ಲಕ್ಷ ಬೆಲೆ ಹೇಳಿದರೆ, ಕೈಮುಗಿದು ವಾಪಸ್ ಕೊಡಿ. ಕಂಪನಿ ಅಂಥ ಅಣೆ ಹೊರಡಿಸಿಯೇ ಇಲ್ಲ. ಒಂದು ಪೈಸೆಯ ತೂತು ಕಾಸು ಮಾತ್ರ ಅಗ್ಗ, ಮಕ್ಕಳಿಗೆ ಕೊಡಲು ಚೆಂದ. 1943ರಿಂದ 47ರವರೆಗಿನದ್ದು.

ಮರದ ಸಾಮಾನಿಗೆ ಮೂಗು, ಬೆರಳು ಎರಡೂ ಬೇಕು. ನಾನು ಒಂದು ಪೆಟ್ಟಿಗೆಯನ್ನು ಬೀಟೆ ಅಂತ ನಂಬಿ ತಂದಿದ್ದೆ. ವಾರ ಕಳೆಯುವುದರೊಳಗೆ ಅದರ ಕೆಳಗೆ ಗೋಧಿ ಹಿಟ್ಟು ಚೆಲ್ಲಿದ ಹಾಗೆ ಪುಡಿ. ಸಣ್ಣ ತೂತು ಇದ್ದರೆ ತೊಂದರೆ ಇಲ್ಲ, ಹಳೇ ಗಾಯ ಇರಬಹುದು. ಪೆಟ್ಟಿಗೆಯನ್ನು ಬಿಳಿ ಕಾಗದದ ಮೇಲೆ ಇಟ್ಟು ನಾಲ್ಕು ಸಲ ಗುದ್ದಿ. ಹೊಸ ಪುಡಿ ಉದುರಿದರೆ ಹುಳು ಇನ್ನೂ ಊಟ ಮಾಡುತ್ತಿದೆ. ಆಮೇಲೆ ಒಳಗಡೆ, ಯಾರೂ ನೋಡದ ಹಿಂಬದಿ ಹಲಗೆ ನೋಡಿ. ಮೇಲೆ ಮಾತ್ರ ಪಾಲಿಶ್ ಹೊಡೆದು ಹಿಂದೆ ಪ್ಲೈವುಡ್ ಇರುವುದು ಎಷ್ಟೋ ಸಲ. ಅಳಗುಳಿ ಮನೆ ಸಿಕ್ಕಿದರೆ ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿಯ ಒಳಗೆ ಬೆರಳಾಡಿಸಿ. ಆಡಿದ ಮಣೆಯ ಗುಳಿ ಹುಣಸೆ ಬೀಜ ಉಜ್ಜಿ ಉಜ್ಜಿ ಕನ್ನಡಿ ಥರ ಇರುತ್ತದೆ.

ಕೆಲವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ದೇವಸ್ಥಾನದ ವಿಗ್ರಹ, ವೀರಗಲ್ಲು, ಕೆತ್ತನೆಯ ಕಲ್ಲು. ನಮ್ಮ ಜಿಲ್ಲೆಯಲ್ಲಿ ಕೈದಾಳ, ತುರುವೇಕೆರೆ ಅಂತ ಹಳೇ ಗುಡಿಗಳಿವೆ, ಕಲ್ಲು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗುವುದಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆಗಳನ್ನು ನೋಂದಾಯಿಸಬೇಕು, ಮಾರುವವರಿಗೆ ಲೈಸೆನ್ಸ್ ಬೇಕು, ವಿದೇಶಕ್ಕೆ ಒಯ್ಯುವ ಹಾಗಿಲ್ಲ. ಅಮೆರಿಕದಲ್ಲಿರುವ ತಮ್ಮನಿಗೆ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಐಡಿಯಾ ಇದ್ದರೆ ಇಲ್ಲಿಗೇ ಬಿಡಿ. ಆನೆ ದಂತ, ಜಿಂಕೆ ಕೊಂಬು ಕೂಡ ಬೇಡ. ಅದು ವನ್ಯಜೀವಿ ಕಾಯ್ದೆ. ‘ಮೈದನಹಳ್ಳಿ ಕಡೆಯ ಕೃಷ್ಣಮೃಗದ್ದು, ನಮ್ಮ ತಾತನ ಕಾಲದ್ದು’ ಅಂತ ಒಬ್ಬರು ಗೋಣಿಚೀಲದಿಂದ ಕೊಂಬು ತೆಗೆದು ತೋರಿಸಿದಾಗ ಅಪ್ಪ ಎದ್ದು ಸೀದಾ ಕಾರಿನಲ್ಲಿ ಕೂತರು.

ಚೌಕಾಸಿ ಯಾರು ಮಾಡಬೇಕು? ಒಬ್ಬರೇ ಮಾಡಬೇಕು. ನಮ್ಮಲ್ಲಿ ಅಮ್ಮ. ಅಪ್ಪನ ತೊಂದರೆ ಏನೆಂದರೆ ಇಷ್ಟವಾದ ತಕ್ಷಣ ಮುಖ ಅರಳುತ್ತದೆ, ‘ಎಷ್ಟು ಚೆನ್ನಾಗಿದೆ ನೋಡೇ’ ಅನ್ನುತ್ತಾರೆ. ಅಲ್ಲಿಗೆ 500 ರೂಪಾಯಿ ಹೋಯಿತು. ಅದಕ್ಕೇ ಒಂದು ಗುರುತು ಮಾಡಿಕೊಂಡಿದ್ದೇವೆ. ಸಾಮಾನು ಅಸಲಿ ಆದರೆ ಅಪ್ಪ ನೀರು ಕೇಳುತ್ತಾರೆ, ನಕಲಿ ಆದರೆ ಟೈಮ್ ಎಷ್ಟು ಅಂತ ಕೇಳುತ್ತಾರೆ. ಅಮ್ಮನ ತೊಂದರೆ ಬೇರೆ. 1986ರಲ್ಲಿ ತಾಮ್ರದ ಹಂಡೆ ಹಾಕಿ ಸ್ಟೀಲ್ ಡಬ್ಬಿ ಸೆಟ್ಟು ತಂದಿದ್ದು ಇನ್ನೂ ಮರೆತಿಲ್ಲ. ಯಾವ ಹಂಡೆ ಕಂಡರೂ ‘ನಮ್ಮದು ಇದಕ್ಕಿಂತ ದೊಡ್ಡದಿತ್ತು, ಇದಕ್ಕೆ ಇಷ್ಟು ಕೇಳ್ತೀಯಾ?’ ಅಂತ ಅಂಗಡಿಯವನ ಮೇಲೆ ಸಿಟ್ಟು. ಆ ಡಬ್ಬಿಗಳು ಇನ್ನೂ ಅಡುಗೆಮನೆಯಲ್ಲಿವೆ, ಗಟ್ಟಿಯಾಗಿವೆ. ಅದನ್ನು ಮಾತ್ರ ನಾನು ಆಗ ಹೇಳುವುದಿಲ್ಲ. ಹಂಡೆ ಇರುವ ಅಂಗಡಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಒಂದು ದಿನಕ್ಕೆ ಮೂರು ಅಂಗಡಿ ಸಾಕು. ಭಾನುವಾರ ಹೊಸ ಅಂಗಡಿ ಬೇಡ, ತಂದಿದ್ದನ್ನು ತೊಳೆಯುವ ಕೆಲಸ ಇರುತ್ತದೆ. ಹುಣಸೆಹಣ್ಣು, ಉಪ್ಪು, ಮೆತ್ತನೆ ಬಟ್ಟೆ. ಸ್ಟೀಲ್ ನಾರು ಹಚ್ಚಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ. ಪಾಲಿಶ್ ಮಾಡುವ ಬಫ್ ಮೆಷಿನ್‌ಗೆ ಕೊಟ್ಟರೆ ಚಿನ್ನದ ಹಾಗೆ ಹೊಳೆಯುತ್ತದೆ ನಿಜ, ಆ ಸೊಂಟದ ಗುರುತು, ಚುಕ್ಕಿ ಹೆಸರು ಎಲ್ಲ ಸವೆದು ಹೋಗುತ್ತದೆ. ಹಸಿರು ಕಿಲುಬು ಇದ್ದ ಪಾತ್ರೆಯಲ್ಲಿ ಅಡುಗೆ ಮಾಡುವ ಆಸೆ ಇದ್ದರೆ ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿಸಲೇಬೇಕು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ವಿಷ. ಕಲಾಯಿಯವರು ಸಿಕ್ಕಿದರೆ ನಿಂತು ನೋಡಿ. ಪಾತ್ರೆ ಕಾಯಿಸಿ, ನವಸಾಗರ ಅನ್ನುವ ಉಪ್ಪಿನ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಲ್ಲಿ ಒಂದೇ ಸುತ್ತು ಒರೆಸುತ್ತಾರೆ. ದಟ್ಟ ಬಿಳಿ ಹೊಗೆ ಏಳುತ್ತದೆ, ಅದು ಇಳಿಯುವಷ್ಟರಲ್ಲಿ ಒಳಗೆಲ್ಲ ಬೆಳ್ಳಿ ಬಣ್ಣ. ಈಗ ಬೀದಿಗೆ ಬರುವವರು ಕಮ್ಮಿ. ಬಂದಾಗ ಅವರ ನಂಬರ್ ಬರೆದಿಟ್ಟುಕೊಳ್ಳಿ, ಎರಡು ಮೂರು ಮನೆಯ ಪಾತ್ರೆ ಸೇರಿಸಿ ಕರೆದರೆ ಖಂಡಿತ ಬರುತ್ತಾರೆ. ನಮ್ಮ ಬೀದಿಯಲ್ಲಿ ಈಗ ಐದು ಮನೆ ಆಗಿದೆ, ಆರನೆಯವರು ಅಟ್ಟದ ಮೇಲೆ ಹುಡುಕುತ್ತಿದ್ದಾರೆ.